ರೈಫಲ್ ಕೇಸಿಗೆ ಯಾವ ಲ್ಯೂಬ್? ಪದೇ ಪದೇ ಕೇಳುವ ಪ್ರಶ್ನೆಗಳು

ರೀಲೋಡಿಂಗ್‌ಗೆ, ಅಂದರೆ ಹಾರಿಸಿದ ತೋಟಾದ ಕೇಸನ್ನು ಮತ್ತೆ ತುಂಬುವ ಕೆಲಸಕ್ಕೆ, ಹೊಸದಾಗಿ ಕೈ ಹಾಕಿದವರು ಪೌಡರ್ (ಮದ್ದು) ಬಗ್ಗೆ, ಬುಲೆಟ್ ಬಗ್ಗೆ ತಿಂಗಳುಗಟ್ಟಲೆ ಓದುತ್ತಾರೆ. ಕೇಸಿಗೆ ಹಚ್ಚುವ ಜಾರುಪದಾರ್ಥ, ಅಂದರೆ ಲ್ಯೂಬ್, ನೆನಪಾಗುವುದು ಮೊದಲ ಕೇಸು ಡೈಯೊಳಗೆ (ಕೇಸನ್ನು ಅಮುಕಿ ಅಳತೆಗೆ ತರುವ ಉಕ್ಕಿನ ಅಚ್ಚು) ಕಚ್ಚಿಕೊಂಡ ದಿನ. ನನಗೂ ಹಾಗೆಯೇ ಆಯಿತು. ಅಂದಹಾಗೆ, ಇಲ್ಲಿ ಕೇಸು ಎಂದರೆ ಕೋರ್ಟಿನದಲ್ಲ; ತೋಟಾದ ಹಿತ್ತಾಳೆ ಕವಚ. ತೋಟಾ ತುಂಬಲು ನಿಮ್ಮಲ್ಲಿ ಪರವಾನಗಿ ಬೇಕೋ ಬೇಡವೋ ಎಂಬುದನ್ನು ಮೊದಲು ನಿಮ್ಮ ನಾಡಿನ ಕಾನೂನಿನಲ್ಲಿ ನೋಡಿಕೊಂಡು ಮುಂದೆ ಓದಿ.

ಲ್ಯೂಬ್ ಇಲ್ಲದೆ ಆಗುವುದೇ ಇಲ್ಲವೇ?

ಬಾಟಲಿ ಆಕಾರದ (ಮೇಲೆ ಕಿರಿದಾದ ಕುತ್ತಿಗೆ, ಅದರ ಕೆಳಗೆ ಇಳಿಜಾರಾದ ಭುಜ) ರೈಫಲ್ ಕೇಸಿಗೆ ಆಗುವುದಿಲ್ಲ. ಗುಂಡು ಹಾರಿದಾಗ ಒಳಗಿನ ಒತ್ತಡ ಕೇಸಿನ ಗೋಡೆಯನ್ನು ಚೇಂಬರಿಗೆ (ಬಂದೂಕಿನಲ್ಲಿ ತೋಟಾ ಕೂರುವ ಜಾಗ) ಅಂಟಿಸಿಬಿಡುತ್ತದೆ. .308 ವಿಂಚೆಸ್ಟರ್ ಎಂಬ ರೈಫಲ್ ತೋಟಾದಲ್ಲಿ ಈ ಒತ್ತಡದ ಮೇಲ್ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಪೂರ್ತಿ ಬರುವುದಿಲ್ಲ. ಹೀಗೆ ಉಬ್ಬಿದ ಕೇಸನ್ನು ಸೈಜಿಂಗ್ ಡೈ ಸುತ್ತಲಿಂದ ಅಮುಕಿ ಮೊದಲಿನ ಅಳತೆಗೆ ತರಬೇಕು. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಉಕ್ಕಿನ ಮುಂದೆ ಅದು ಮೆತ್ತಗಿನ ಲೋಹವೇ. ಇಂಥ ಒತ್ತಡದಲ್ಲಿ ಒಣ ಹಿತ್ತಾಳೆ ಒಣ ಉಕ್ಕಿನ ಮೇಲೆ ಜಾರುವುದಿಲ್ಲ. ಅಲ್ಲಲ್ಲಿ ಉಜ್ಜಿ, ಕಿತ್ತು, ಡೈಗೇ ಅಂಟಿಕೊಳ್ಳುತ್ತದೆ. ನಡುವೆ ಒಂದು ತೆಳುಪೊರೆ ನಿಲ್ಲಬೇಕು. ಆ ಒತ್ತಡದಲ್ಲೂ ಹರಿಯದ ಪೊರೆಯೇ ಒಳ್ಳೆಯ ಲ್ಯೂಬ್. ಬೆರಳಿಗೆ ಎಷ್ಟು ನುಣುಪಾಗಿದೆ ಎಂಬುದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಪಿಸ್ತೂಲಿನ ಕೇಸಿಗೆ ಏನೂ ಹಚ್ಚದೆ ಸೈಜ್ ಮಾಡುತ್ತಾರಲ್ಲ?

ಅದು ಕಾರ್ಬೈಡ್ ಡೈ. ಒಳಗೆ ಟಂಗ್‌ಸ್ಟನ್ ಕಾರ್ಬೈಡಿನ ಬಳೆ ಇರುತ್ತದೆ. ಹಿತ್ತಾಳೆ ಅದಕ್ಕೆ ಅಂಟಿಕೊಳ್ಳುವುದಿಲ್ಲ. ನೇರ ಗೋಡೆಯ ಕೇಸು ಆ ಬಳೆಯನ್ನು ದಾಟಿ ಹೋದರೆ ಮುಗಿಯಿತು. ರೈಫಲ್ ಕೇಸಿಗೂ ಕಾರ್ಬೈಡ್ ಡೈ ಸಿಗುತ್ತದೆ, ಆದರೆ ಅದಕ್ಕೂ ಲ್ಯೂಬ್ ಹಚ್ಚಲೇಬೇಕು. ಅಷ್ಟು ಹಣ ಕೊಟ್ಟ ಮೇಲೂ ಹಚ್ಚಬೇಕೇ ಎಂದು ಮುಖ ಸಣ್ಣ ಮಾಡಿಕೊಂಡವರನ್ನು ನೋಡಿದ್ದೇನೆ. ಡೈ ಹೆಚ್ಚು ಕಾಲ ಬಾಳುತ್ತದೆ, ಗೀರು ಬೀಳುವುದು ಕಡಿಮೆ. ಅದರಿಂದಾಗುವ ಲಾಭ ಅಷ್ಟೇ.

ಯಾವ್ಯಾವ ಬಗೆಯ ಲ್ಯೂಬ್ ಇವೆ?

ಮೇಣ, ಲ್ಯಾನೋಲಿನ್ ಸ್ಪ್ರೇ, ಪ್ಯಾಡಿನ ಮೇಲೆ ಹಾಕುವ ದ್ರವ, ನೀರಿನಲ್ಲಿ ಕರಗುವ ಪೇಸ್ಟ್, ಒಣಗುವ ಏರೋಸಾಲ್. ಅಂಗಡಿಯ ಕಪಾಟಿನಲ್ಲಿ ಹೆಸರುಗಳು ಹತ್ತಾರಿದ್ದರೂ ಹೆಚ್ಚಿನವು ಈ ಐದರಲ್ಲೇ ಎಲ್ಲೋ ಒಂದು ಕಡೆ ಬಂದು ಕೂರುತ್ತವೆ.

ಮೇಣದ ಪೈಕಿ ಬಹಳ ಮಂದಿಗೆ ಗೊತ್ತಿರುವುದು ಇಂಪೀರಿಯಲ್ ಸೈಜಿಂಗ್ ಡೈ ವ್ಯಾಕ್ಸ್. ಚಿಕ್ಕ ಡಬ್ಬಿ, ಬೆರಳಿನಿಂದ ಹಚ್ಚುವುದು. ಒತ್ತಡ ತಡೆಯುವುದರಲ್ಲಿ ಇದನ್ನು ಮೀರಿಸಿದ್ದನ್ನು ನಾನು ಬಳಸಿಲ್ಲ. ಕೊರತೆ ಎಂದರೆ ಒಂದೊಂದೇ ಕೇಸನ್ನು ಕೈಯಲ್ಲಿ ಹಿಡಿಯಬೇಕು. ಐವತ್ತು ಕೇಸಿಗೆ ಅದು ಹಿತವಾದ ಕೆಲಸ, ಐನೂರಕ್ಕೆ ಶಿಕ್ಷೆ.

ಅಲ್ಲಿಗೆ ಬರುವುದು ಲ್ಯಾನೋಲಿನ್ ಸ್ಪ್ರೇ. ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಅದನ್ನು ಆಲ್ಕೋಹಾಲಿನಲ್ಲಿ ಬೆರೆಸಿರುತ್ತಾರೆ. ಸಿಂಪಡಿಸಿದ ಮೇಲೆ ಆಲ್ಕೋಹಾಲ್ ಆರಿಹೋಗಿ ಜಿಡ್ಡು ಮಾತ್ರ ಉಳಿಯುತ್ತದೆ. ಡಿಲನ್ ಕಂಪನಿಯ ಪಂಪ್ ಬಾಟಲಿ ಈ ಜಾತಿಯದು. ಪ್ರೋಗ್ರೆಸಿವ್ ಪ್ರೆಸ್ (ಹಿಡಿಯ ಪ್ರತಿ ಎಳೆತಕ್ಕೆ ಹಲವು ಕೇಸುಗಳ ಮೇಲೆ ಒಟ್ಟಿಗೆ ಕೆಲಸ ಮಾಡುವ ರೀಲೋಡಿಂಗ್ ಯಂತ್ರ) ಇಟ್ಟುಕೊಂಡವರು ಹೆಚ್ಚಾಗಿ ಇದನ್ನೇ ನೆಚ್ಚಿಕೊಂಡಿದ್ದಾರೆ.

ಪ್ಯಾಡ್ ಹಳೆಯ ಕಾಲದ ವಿಧಾನ. ರಬ್ಬರ್ ಸ್ಟಾಂಪಿನ ಇಂಕ್ ಪ್ಯಾಡಿನಂಥದ್ದರ ಮೇಲೆ ದ್ರವ ಹರಡಿ, ಕೇಸುಗಳನ್ನು ಚಪಾತಿ ಲಟ್ಟಣಿಗೆಯಂತೆ ಉರುಳಿಸುವುದು. ಕೆಲಸವೇನೋ ಆಗುತ್ತದೆ. ಆದರೆ ಮುಚ್ಚಳ ತೆರೆದಿಟ್ಟರೆ ಧೂಳು, ಲೋಹದ ಪುಡಿ ಎಲ್ಲ ಅದರ ಮೇಲೆ ಕೂತು, ಅಲ್ಲಿಂದ ಕೇಸಿಗೆ, ಕೇಸಿನಿಂದ ಡೈಗೆ ಹೋಗಿ ಗೀರು ಹಾಕುತ್ತದೆ. ನಾನು ಪ್ಯಾಡ್ ಬಿಟ್ಟದ್ದು ಇದೇ ಕಾರಣಕ್ಕೆ.

ಲೀ ಕಂಪನಿಯ ಬಿಳಿ ಪೇಸ್ಟ್ ಟ್ಯೂಬಿನಲ್ಲಿ ಬರುತ್ತದೆ. ಹಾಗೆಯೇ ಹಚ್ಚಬಹುದು, ತೆಳುವಾಗಿಸಿ ಸಿಂಪಡಿಸಲೂಬಹುದು. ಒಣಗಿದ ಮೇಲೂ ಕೆಲಸ ಮಾಡುವುದು ಇದರ ವಿಶೇಷ. ಕಡೆಗೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಕಡಿಮೆ ಬೆಲೆಯದೆಂದು ಕೆಲವರು ಮೂಗು ಮುರಿಯುತ್ತಾರೆ, ಸುಮ್ಮನೆ.

ಒಣಗುವ ಏರೋಸಾಲ್‌ಗಳ ಬಗ್ಗೆ ಜನ ಎರಡು ಪಂಗಡ. ಒಂದು ಪಂಗಡಕ್ಕೆ ಅದಿಲ್ಲದೆ ದಿನ ಸಾಗುವುದಿಲ್ಲ, ಇನ್ನೊಂದು ಪಂಗಡ ಅದರ ಹೆಸರೆತ್ತಿದರೆ ಉರಿದು ಬೀಳುತ್ತದೆ. ಎರಡನೆಯ ಪಂಗಡದವರನ್ನು ಕೂರಿಸಿಕೊಂಡು ಕೇಳಿ: ಡಬ್ಬಿ ಅಲುಗಿಸಿದಿರಾ, ಎಲ್ಲ ಬದಿಗೂ ಬೀಳುವಂತೆ ಹೊಡೆದಿರಾ, ಆರಲು ಬಿಟ್ಟಿರಾ? ಮೂರಕ್ಕೂ ಹೌದು ಎನ್ನುವವರು ಕಡಿಮೆ.

ಅಷ್ಟೆಲ್ಲ ಬೇಡ, ಒಂದೇ ಒಂದು ಹೆಸರು ಹೇಳಿ.

ಸಿಂಗಲ್ ಸ್ಟೇಜ್ ಪ್ರೆಸ್ (ಒಮ್ಮೆಗೆ ಒಂದೇ ಕೇಸು, ಒಂದೇ ಕೆಲಸ) ಇದ್ದರೆ, ಒಮ್ಮೆಗೆ ನೂರರೊಳಗೆ ತುಂಬುವುದಾದರೆ, ಮೇಣ. ಅದಕ್ಕಿಂತ ಹೆಚ್ಚಾದರೆ ಲ್ಯಾನೋಲಿನ್ ಸ್ಪ್ರೇ. ಸ್ಪ್ರೇ ತೆಗೆದುಕೊಂಡರೂ ಒಂದು ಮೇಣದ ಡಬ್ಬಿ ಪಕ್ಕದಲ್ಲಿರಲಿ. ಅದು ವರ್ಷಗಟ್ಟಲೆ ಬರುತ್ತದೆ.

ಎಲ್ಲಿ ಹಚ್ಚಬೇಕು, ಎಷ್ಟು ಹಚ್ಚಬೇಕು?

ಯಾವ ಕಂಪನಿಯದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದು.

ಮೇಣ ಹಚ್ಚುವುದನ್ನು ಹತ್ತಿರದಿಂದ ಹೇಳುತ್ತೇನೆ. ತೋರುಬೆರಳಿನ ತುದಿಯನ್ನು ಮೇಣದ ಮೇಲೆ ಒಮ್ಮೆ ಎಳೆಯಿರಿ. ಗುಪ್ಪೆಯಾಗಿ ಎದ್ದು ಬರಬಾರದು, ಬೆರಳು ಹೊಳೆದರೆ ಸಾಕು. ಹೆಬ್ಬೆರಳಿಗೂ ತಾಗಿಸಿ. ಈಗ ಎರಡು ಬೆರಳ ನಡುವೆ ಕೇಸಿನ ಬುಡ ಹಿಡಿದು, ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ ಭುಜದ ಕೆಳಗಿನ ತನಕ ಬನ್ನಿ. ಹಿತ್ತಾಳೆಯ ಬಣ್ಣ ಒಂದು ಗುಲಗಂಜಿಯಷ್ಟು ಮಂಕಾಗುತ್ತದೆ, ಕಣ್ಣಿಗೆ ಜಿಡ್ಡು ಕಾಣುವುದಿಲ್ಲ. ಅಷ್ಟೇ ಅಳತೆ. ಬೆರಳಲ್ಲಿ ಉಳಿದದ್ದು ಇನ್ನೂ ಎರಡು ಮೂರು ಕೇಸಿಗೆ ಬರುತ್ತದೆ.

ಹೆಚ್ಚು ಗಮನ ಬೇಕಾದದ್ದು ಬುಡದ ಕಡೆಗೆ. ಬುಡದ ಅಂಚಾದ ರಿಮ್ಮಿಗಿಂತ ಸ್ವಲ್ಪ ಮೇಲೆ ಗೋಡೆ ದಪ್ಪ, ಡೈ ಅಮುಕಲು ಹೆಣಗುವುದೂ ಅಲ್ಲೇ, ಕೇಸು ಸಿಕ್ಕಿಕೊಳ್ಳುವುದೂ ಅಲ್ಲೇ. ಕುತ್ತಿಗೆಯ ಹೊರಗೆ ಬೆರಳು ಸೋಕಿದಷ್ಟು ಸಾಕು. ಭುಜಕ್ಕೆ ಬೇಡವೇ ಬೇಡ. ಸಾಲಿನ ಮೊದಲ ಎರಡು ಕೇಸಿಗೆ ಮಾತ್ರ ಧಾರಾಳವಾಗಿ ಹಚ್ಚಿ, ಏಕೆಂದರೆ ಡೈ ಇನ್ನೂ ಒಣಗಿರುತ್ತದೆ.

ಭುಜದ ಮೇಲೆ ಗುಳಿ ಬಿದ್ದಿದೆ. ಡೈ ಕೆಟ್ಟಿದೆಯೇ?

ಡೈ ಕೆಟ್ಟಿಲ್ಲ, ಜಿಡ್ಡು ಹೆಚ್ಚಾಗಿದೆ. ಕೇಸು ಮೇಲೇರಿದಂತೆ ಮೈಮೇಲಿನ ಲ್ಯೂಬನ್ನು ಡೈ ಮುಂದಕ್ಕೆ ತಳ್ಳುತ್ತಾ ಭುಜದ ಬಳಿ ಗುಡ್ಡೆ ಹಾಕುತ್ತದೆ. ದ್ರವವನ್ನು ಅಮುಕಿ ಚಿಕ್ಕದು ಮಾಡಲು ಬರುವುದಿಲ್ಲ. ಹೋಗಲು ದಾರಿಯಿಲ್ಲದಾಗ ತೆಳುವಾದ ಹಿತ್ತಾಳೆಯೇ ಒಳಕ್ಕೆ ಬಾಗುತ್ತದೆ. ಗಾಳಿ, ಜಿಡ್ಡು ಹೊರಹೋಗಲಿ ಎಂದು ಕೆಲವು ಡೈಗಳಿಗೆ ಸೂಜಿಮೊನೆಯಂಥ ರಂಧ್ರ ಇಟ್ಟಿರುತ್ತಾರೆ, ಅದು ಕಟ್ಟಿಕೊಂಡಿದೆಯೇ ನೋಡಿ.

ಆಳವಿಲ್ಲದ ನುಣುಪು ಗುಳಿ ಇದ್ದರೆ ಚಿಂತೆಯಿಲ್ಲ, ಮುಂದಿನ ಸಲ ಹಾರಿಸಿದಾಗ ಅದು ಉಬ್ಬಿ ಸರಿಹೋಗುತ್ತದೆ. ಅಂಚು ಚೂಪಾಗಿ ಮಡಿಕೆ ಬಿದ್ದಂತಿದ್ದರೆ ಆ ಕೇಸನ್ನು ಗುಜರಿಗೆ ಹಾಕಿ.

ಲ್ಯಾನೋಲಿನ್ ಸ್ಪ್ರೇ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು, ನಾನು ಮಾಡಿಕೊಳ್ಳುವುದೂ ಅದನ್ನೇ. ಒಂದು ಪಾಲು ದ್ರವ ಲ್ಯಾನೋಲಿನ್‌ಗೆ ಹನ್ನೆರಡು ಪಾಲು 99% ಐಸೊಪ್ರೊಪೈಲ್ ಆಲ್ಕೋಹಾಲ್. ಅಂದರೆ 30 ಮಿ.ಲೀ.ಗೆ 360 ಮಿ.ಲೀ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಲ್ಯಾನೋಲಿನ್ ಬೆಚ್ಚಗೆ ಮಾಡಿಕೊಂಡರೆ ಬೇಗ ಬೆರೆಯುತ್ತದೆ. ಒಲೆಯ ಹತ್ತಿರ ಮಾತ್ರ ಹೋಗಬೇಡಿ, ಆಲ್ಕೋಹಾಲಿನ ಆವಿಗೆ ಬೆಂಕಿ ತಾಗಲು ಒಂದು ಕಿಡಿ ಸಾಕು. ಬೆರೆಸುವಾಗಲೂ ಸಿಂಪಡಿಸುವಾಗಲೂ ಕಿಟಕಿ ತೆರೆದಿರಲಿ.

70% ಆಲ್ಕೋಹಾಲ್ ಏಕೆ ಆಗದು ಎಂದು ಕೇಳುತ್ತಾರೆ. ಉಳಿದ 30 ಪಾಲು ನೀರು, ನೀರಿಗೂ ಲ್ಯಾನೋಲಿನ್‌ಗೂ ಆಗಿಬರುವುದಿಲ್ಲ. ಬೇರೆಯಾಗಿ ನಿಲ್ಲುತ್ತದೆ, ಕೇಸಿನ ಮೇಲೆ ಒಂದು ಕಡೆ ಜಿಡ್ಡು, ಇನ್ನೊಂದು ಕಡೆ ಬರೀ ನೀರು. ಸರಿಯಾಗಿ ಮಾಡಿದ ಮಿಶ್ರಣವೂ ನಿಂತಲ್ಲಿ ತಳಕ್ಕಿಳಿಯುತ್ತದೆ, ಪ್ರತಿ ಸಲ ಅಲುಗಿಸಿಯೇ ಬಳಸಬೇಕು.

ಕೇಸುಗಳನ್ನು ಜಿಪ್ ಚೀಲದಲ್ಲೋ ಅಗಲ ಡಬ್ಬದಲ್ಲೋ ಹಾಕಿ, ನಾಲ್ಕೈದು ಸಲ ಸಿಂಪಡಿಸಿ, ಉರುಳಾಡಿಸಿ. ಆಮೇಲೆ ಕಾಯಿರಿ. ಈ "ಕಾಯಿರಿ" ಎಂಬ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಒಂದು ಸಂಜೆ ಅವಸರದಲ್ಲಿ ಒದ್ದೆ ಇರುವಾಗಲೇ ಸೈಜ್ ಮಾಡತೊಡಗಿದೆ. ಇಪ್ಪತ್ತು ಇಪ್ಪತ್ತೈದು ಕೇಸು ಸರಾಗವಾಗಿ ಹೋದವು. ಆಮೇಲೆ ಒಂದು ಅರ್ಧ ದಾರಿಯಲ್ಲಿ ಬಿಗಿಯಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ಹಿಡಿಯನ್ನು ಇನ್ನೂ ಒತ್ತಿದೆ, ಪೂರ್ತಿ ಮೇಲೆ ಹೋಯಿತು. ಕೆಳಗೆ ಎಳೆದಾಗ "ಟಕ್" ಎಂದು ಸದ್ದು. ಕೇಸಿನ ರಿಮ್ ಹಿಡಿಯುವ ಶೆಲ್ ಹೋಲ್ಡರ್ ಬರಿಗೈಯಲ್ಲಿ ಇಳಿದು ಬಂತು. ಅದರಲ್ಲಿ ಕಿತ್ತುಬಂದ ರಿಮ್ಮಿನ ಒಂದು ಚೂರು, ಉಗುರಿನ ತುಂಡಿನಂತೆ. ಆಲ್ಕೋಹಾಲ್ ತಾನಾಗಿ ಲ್ಯೂಬ್ ಅಲ್ಲ, ಜಿಡ್ಡನ್ನು ಹೊತ್ತು ತರುವ ಗಾಡಿ. ಗಾಡಿ ಇನ್ನೂ ಅಲ್ಲೇ ನಿಂತಿದ್ದರೆ ಜಿಡ್ಡಿನ ಪೊರೆ ಕಟ್ಟುವುದಿಲ್ಲ. ಈಗ ಹತ್ತು ನಿಮಿಷ ಬಿಟ್ಟೇ ಮುಟ್ಟುತ್ತೇನೆ, ಥಂಡಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು.

ಮನೆಯಲ್ಲಿರುವ ಬೇರೆ ಎಣ್ಣೆ ಹಚ್ಚಿದರೆ?

ಹರಳೆಣ್ಣೆ ಪರವಾಗಿಲ್ಲ. ದಪ್ಪ ಎಣ್ಣೆ, ಆಲ್ಕೋಹಾಲಿನಲ್ಲಿ ಕರಗುತ್ತದೆ, ಪೊರೆಯೂ ಗಟ್ಟಿ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ತೆಳು ಸ್ಪ್ರೇಗಳು ಬೇಡ. ಅವು ಸಂದಿಗೆ ನುಗ್ಗಲೆಂದು ಮಾಡಿದವು. ಒತ್ತಡ ಬಿದ್ದಾಗ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗಿಸಿಬಿಡುತ್ತವೆ. ನುಗ್ಗುವ ಆ ಗುಣವೇ ಪ್ರೈಮರಿಗೂ (ಕೇಸಿನ ಬುಡದಲ್ಲಿ ಕೂತು ಪೌಡರಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕೆಟ್ಟದ್ದು. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟುಗಟ್ಟಿ ಡೈಯೊಳಗೆ ವಾರ್ನಿಶ್ ಬಳಿದಂತಾಗುತ್ತದೆ. ಮೋಟಾರಿನ ಗ್ರೀಸ್ ಹಚ್ಚಿದರೆ ಸೈಜೇನೋ ಆಗುತ್ತದೆ, ಅದನ್ನು ಆಮೇಲೆ ತೆಗೆಯುವವರು ಯಾರು?

ಕುತ್ತಿಗೆಯ ಒಳಗೂ ಹಚ್ಚಬೇಕೇ?

ಡೈಯಲ್ಲಿ ಎಕ್ಸ್‌ಪ್ಯಾಂಡರ್ ಬಾಲ್ (ಕುತ್ತಿಗೆಯನ್ನು ಒಳಗಿನಿಂದ ಅಗಲಿಸುವ ಉಂಡೆ) ಇದ್ದರೆ ಹಚ್ಚಬೇಕು. ಹಿಡಿ ಎತ್ತುವಾಗ "ಕಿರ್ರ್" ಎಂದು ಹಳೆಯ ಬಾಗಿಲಿನ ಸದ್ದು ಬಂದರೆ ಬಾಲ್ ಕುತ್ತಿಗೆಯನ್ನು ಎಳೆಯುತ್ತಿದೆ ಎಂದು ಅರ್ಥ. ಹಾಗೆ ಎಳೆದಾಗ ಕೇಸು ಉದ್ದವಾಗುತ್ತದೆ, ಭುಜ ಮುಂದೆ ಬರುತ್ತದೆ, ಕುತ್ತಿಗೆ ಒಂದು ಕಡೆ ವಾಲುತ್ತದೆ. ಆಮೇಲೆ ಗುರಿ ಚದುರುತ್ತಿದೆ ಎಂದು ಬುಲೆಟ್ಟನ್ನು ಬೈಯುತ್ತಾ ಕೂರುತ್ತೇವೆ.

ಒಳಗೆ ನನ್ನ ಆಯ್ಕೆ ಒಣ ಪುಡಿ: ಅಭ್ರಕ ಅಥವಾ ಗ್ರಾಫೈಟ್. ನೈಲಾನ್ ಬ್ರಷ್ಷನ್ನು ಪುಡಿಯಲ್ಲಿ ಅದ್ದಿ ಕುತ್ತಿಗೆಯೊಳಗೆ ಒಂದು ಸುತ್ತು ಹಾಕಿದರೆ ಆಯಿತು. ಜಿಡ್ಡಿನಂತೆ ಪೌಡರ್ ಕಾಳುಗಳನ್ನು ಹಿಡಿದುಕೊಳ್ಳುವುದಿಲ್ಲ. ಸ್ಪ್ರೇ ಬಳಸುವವರು ಕೇಸುಗಳನ್ನು ನಿಲ್ಲಿಸಿ ಓರೆಯಾಗಿ ಹೊಡೆದರೆ ಒಂದಿಷ್ಟು ಒಳಗೂ ಬೀಳುತ್ತದೆ, ಅದೂ ನಡೆಯುತ್ತದೆ. ಆದರೆ ಆಮೇಲೆ ಒಳಗಿನಿಂದ ತೆಗೆಯುವ ಕೆಲಸ ಸೇರಿಕೊಳ್ಳುತ್ತದೆ.

ಉಕ್ಕಿನ ಪಿನ್ನು ಹಾಕಿ ನೀರಿನಲ್ಲಿ ಟಂಬಲ್ ಮಾಡುವವರು (ಕೇಸುಗಳನ್ನು ಡ್ರಮ್ಮಿನಲ್ಲಿ ಉರುಳಿಸಿ ತೊಳೆಯುವವರು) ಇದನ್ನು ಮರೆಯಲೇಬಾರದು. ಕುತ್ತಿಗೆಯೊಳಗಿನ ಮಸಿ ಒಂದು ಮಟ್ಟಿಗೆ ತಾನೇ ಜಾರುಪದಾರ್ಥ. ಅದನ್ನೂ ಉಜ್ಜಿ ಕನ್ನಡಿಯಂತೆ ಮಾಡಿದ ಮೇಲೆ ಬರಿ ಹಿತ್ತಾಳೆ ಬಾಲಿಗೆ ಕಚ್ಚಿಕೊಳ್ಳುತ್ತದೆ.

ಕೇಸು ಡೈಯಲ್ಲಿ ಸಿಕ್ಕಿಕೊಂಡಿದೆ. ಈಗ?

ಹಿಡಿಯ ಮೇಲೆ ಜೋತುಬೀಳುವುದನ್ನು ಮೊದಲು ನಿಲ್ಲಿಸಿ. ರಿಮ್ ಇನ್ನೂ ಇದ್ದರೆ ಡೈಯನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು ಒಮ್ಮೆ ಪ್ರಯತ್ನಿಸಬಹುದು, ಕೆಲವೊಮ್ಮೆ ಬರುತ್ತದೆ.

ಬಾರದಿದ್ದರೆ ಸ್ಟಕ್ ಕೇಸ್ ರಿಮೂವರ್ ಬೇಕು. ಡೈಯ ನಡುವಿನ ಡಿಕ್ಯಾಪಿಂಗ್ ಕಡ್ಡಿಯನ್ನು (ಹಳೆಯ ಪ್ರೈಮರನ್ನು ತಳ್ಳಿ ತೆಗೆಯುವುದು) ಸಡಿಲಿಸಿ ಆದಷ್ಟು ಮೇಲಕ್ಕೆ ಎತ್ತಿ, ಇಲ್ಲವಾದರೆ ಡ್ರಿಲ್ ಹೋಗಿ ಅದಕ್ಕೇ ಬಡಿಯುತ್ತದೆ. ಪ್ರೈಮರ್ ಕೂರುವ ಗುಳಿಯ (ಪ್ರೈಮರ್ ಪಾಕೆಟ್) ನಡುವೆ 7ನೇ ನಂಬರ್ ಬಿಟ್ಟಿನಿಂದ ತೂತು ಕೊರೆದು, 1/4-20 ಟ್ಯಾಪಿನಿಂದ ತಿರುಪಿನ ಗೆರೆ (ಥ್ರೆಡ್) ಹಾಕಿ, ಬೋಲ್ಟ್ ತಿರುಗಿಸಿ ಎಳೆಯುವುದು. ಆರ್‌ಸಿಬಿಎಸ್ ಕಂಪನಿಯ ಕಿಟ್ಟಿನಲ್ಲಿ ಬರುವುದು ಈ ಅಳತೆಗಳೇ. ಸಿಡಿಯದ ಪ್ರೈಮರ್ ಒಳಗಿದ್ದರೆ ಡ್ರಿಲ್ ಮುಟ್ಟಲೇಬೇಡಿ. ಕೇಸು ಹೊರಬಂದ ಮೇಲೆ ಡೈಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಿತ್ತಾಳೆಯ ಗೆರೆ ಅಂಟಿದ್ದರೆ ಅದನ್ನು ಪಾಲಿಶ್ ಮಾಡಿ ತೆಗೆಯದೆ ಮುಂದಿನ ಕೇಸು ಹಾಕಬೇಡಿ, ಅದೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸೈಜ್ ಆದ ಮೇಲೆ ಲ್ಯೂಬ್ ಒರೆಸದೆ ಹಾಗೇ ತುಂಬಿ ಹಾರಿಸಿದರೆ ಏನಾಗುತ್ತದೆ?

ಗುಂಡು ಹಾರುವಾಗ ಕೇಸಿನ ಗೋಡೆ ಚೇಂಬರನ್ನು ಕಚ್ಚಿ ಹಿಡಿದು ಹಿಂದಕ್ಕೆ ಬರುವ ಒತ್ತಡದಲ್ಲಿ ಒಂದು ಪಾಲು ತಾನು ಹೊರುತ್ತದೆ. ನಡುವೆ ಜಿಡ್ಡಿದ್ದರೆ ಹಿಡಿತ ತಪ್ಪಿ ಭಾರವೆಲ್ಲ ರೈಫಲಿನ ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಮೇಲೆ ಬೀಳುತ್ತದೆ. ಒಂದೆರಡು ತೋಟಾದಲ್ಲಿ ಏನೂ ಕಾಣದಿರಬಹುದು, ರೈಫಲಿಗೆ ಅದು ಒಳ್ಳೆಯದಂತೂ ಅಲ್ಲ. ಜೊತೆಗೆ ಜಿಡ್ಡು ಮರಳು, ಧೂಳನ್ನು ಚೇಂಬರಿಗೆ ಕರೆತರುತ್ತದೆ.

ಕೇಸಿಗೆ ಬೇಕೆಂದೇ ಜಿಡ್ಡು ಬಳಿದ ಕಾಲವೂ ಇತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಪರೀಕ್ಷೆಗೆ ಬಂದ ಪೆಡರ್ಸನ್ ರೈಫಲಿನ ತೋಟಾಗಳಿಗೆ ತೆಳುವಾದ ಮೇಣದ ಲೇಪ ಇರುತ್ತಿತ್ತು. ಅದಿಲ್ಲದೆ ಕೇಸು ಸಲೀಸಾಗಿ ಹೊರಬರುತ್ತಿರಲಿಲ್ಲ. ಆದರೆ ಆ ಬಂದೂಕನ್ನು ರೂಪಿಸಿದ್ದೇ ಹಾಗೆ. ನಿಮ್ಮ ರೈಫಲನ್ನು ಒಣ ಕೇಸಿಗೆಂದು ಮಾಡಿದ್ದಾರೆ.

ಹಾಗಾದರೆ ತೆಗೆಯುವುದು ಹೇಗೆ?

ಕಡಿಮೆ ಇದ್ದರೆ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಹೆಚ್ಚಿದ್ದರೆ ಜೋಳದ ದಿಂಡಿನ ಪುಡಿಯಲ್ಲಿ ಟಂಬಲರ್ ಓಡಿಸಿ, ಆಮೇಲೆ ಫ್ಲ್ಯಾಶ್ ಹೋಲಿನಲ್ಲಿ (ಪ್ರೈಮರಿನ ಕಿಡಿ ಒಳಹೋಗುವ ತೂತು) ಕಾಳು ಸಿಕ್ಕಿಕೊಂಡಿದೆಯೇ ನೋಡಿ. ನೀರಿನಲ್ಲಿ ಕರಗುವ ಲ್ಯೂಬ್ ಆದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಒಳಗೆಲ್ಲ ಒಣಗಿಸುವ ತಾಳ್ಮೆ ಇರಬೇಕು. ಇದೆಲ್ಲ ಪ್ರೈಮರ್, ಪೌಡರ್ ಹಾಕುವ ಮೊದಲೇ ಮುಗಿಯಲಿ. ತುಂಬಿದ ತೋಟಾಗಳನ್ನೇ ಟಂಬಲರಿಗೆ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ.

ಹೊಳಪಿನ ಆಸೆಗೆ ಅಮೋನಿಯ ಇರುವ ಪಾಲಿಶ್ ಬಳಸಬೇಡಿ. ಒತ್ತಡ ಉಳಿದ ಹಿತ್ತಾಳೆಯನ್ನು ಅಮೋನಿಯ ಸೀಳಿಬಿಡುತ್ತದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಯಾರೂ ಮುಟ್ಟದೆ ಅವು ಬಿರುಕು ಬಿಡುತ್ತಿದ್ದವು. ಕುದುರೆ ಗಂಜಳದಿಂದ ಎದ್ದ ಅಮೋನಿಯವೇ ಕಾರಣ ಎಂಬುದು ಖಚಿತವಾದದ್ದು 1921ರಲ್ಲಿ.

ಲ್ಯೂಬ್ ಬದಲಾಯಿಸಿದ ಮೇಲೆ ಭುಜದ ಅಳತೆ ಬದಲಾಯಿತು. ನನ್ನ ಭ್ರಮೆಯೇ?

ಭ್ರಮೆಯಲ್ಲ. ಹೆಚ್ಚಿನವರು ಭುಜವನ್ನು 0.002 ಇಂಚಿನಷ್ಟು, ಅಂದರೆ ಸುಮಾರು 0.05 ಮಿ.ಮೀ. ಹಿಂದೆ ತಳ್ಳಲು ಡೈ ಹೊಂದಿಸಿರುತ್ತಾರೆ. ಜಾರುವಿಕೆ ಕಡಿಮೆಯಾದರೆ ಪ್ರೆಸ್ ಹೆಚ್ಚು ಬಾಗುತ್ತದೆ, ಕೇಸು ಕೂದಲೆಳೆಯಷ್ಟು ಕಡಿಮೆ ಒಳಹೋಗುತ್ತದೆ. ಅಳತೆಯ ಆಟವೇ 0.05 ಮಿ.ಮೀ. ಆಗಿರುವಾಗ ಆ ಕೂದಲೆಳೆ ದೊಡ್ಡದು. ಲ್ಯೂಬ್ ಬದಲಿಸಿದಾಗ ಐದಾರು ಕೇಸು ಅಳೆದು ಡೈಯನ್ನು ಮತ್ತೆ ಹೊಂದಿಸಿಕೊಳ್ಳಿ. ಒಂದೇ ಸಾಲಿನಲ್ಲಿ ಅಳತೆ ಹಿಂದುಮುಂದಾಗುತ್ತಿದ್ದರೆ ಹಚ್ಚುವ ಕೈ ಒಂದೇ ಸಮ ಇಲ್ಲ.

ಕುತ್ತಿಗೆ ಮಾತ್ರ ಸೈಜ್ ಮಾಡುತ್ತೇನೆ. ಆಗಲೂ ಬೇಕೇ?

ಮೈಗೆ ಬೇಡ. ಕುತ್ತಿಗೆಗೆ ಒಣ ಪುಡಿ ಸಾಕು.

ಕಷ್ಟದ ಕೇಸುಗಳಿಗೆ ಬೇರೆ ಲ್ಯೂಬ್ ಬೇಕೇ?

ಮೆಷಿನ್ ಗನ್ನಿನಿಂದ ಬಂದ ಮಿಲಿಟರಿ ಕೇಸು, ಬುಡವನ್ನು ಇನ್ನಷ್ಟು ಅಮುಕುವ ಸ್ಮಾಲ್ ಬೇಸ್ ಡೈ, .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಬುಡದ ಬಳಿ ಬೆಲ್ಟ್ (ಉಬ್ಬಿದ ಬಳೆ) ಇರುವ ಕೇಸು, ಇವಕ್ಕೆಲ್ಲ ನಾನು ಮೇಣವನ್ನೇ ಹಚ್ಚುತ್ತೇನೆ. ಬೆಲ್ಟ್ ಇರುವುದರಲ್ಲಿ ಬೆಲ್ಟಿನ ಮುಂದಿನ ಪಟ್ಟಿಯನ್ನು ಬಿಡಬೇಡಿ. .308ರಿಂದ .243, .30-06ರಿಂದ .25-06 ಮಾಡುವಂತೆ ಕುತ್ತಿಗೆಯನ್ನೇ ಕಿರಿದಾಗಿಸುವಾಗ ಕುತ್ತಿಗೆಗೂ ಮೇಣ ಬೇಕು. ಹೊರಗೆ ಬೆರಳು ಸೋಕಿದಷ್ಟು ಸಾಕೆಂಬ ನಿಯಮಕ್ಕೆ ಅಲ್ಲಿ ವಿನಾಯಿತಿ.

ಹೊಸ ಡೈಯನ್ನು ನೇರವಾಗಿ ಬಳಸಬಹುದೇ?

ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಒಳಗಿರುತ್ತದೆ. ಅದನ್ನು ಲ್ಯೂಬ್ ಎಂದುಕೊಳ್ಳಬೇಡಿ. ಪೂರ್ತಿ ಒರೆಸಿ, ಮೊದಲ ಕೆಲವು ಕೇಸಿಗೆ ತುಸು ಹೆಚ್ಚು ಹಚ್ಚಿ. ಆಮೇಲೆ ಪ್ರತಿ ಇನ್ನೂರು ಕೇಸಿಗೊಮ್ಮೆ ಡೈಯೊಳಗೆ ಬಟ್ಟೆ ತಿರುಗಿಸಿದರೆ, ಹೊರಬರುವ ಕಪ್ಪು ಜಿಡ್ಡು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

ಹಳೆಯ ಡಬ್ಬಿ ಕೆಡುತ್ತದೆಯೇ? ಕೈಗೆ ತುರಿಕೆ ಬರುತ್ತದೆಯೇ?

ಮುಚ್ಚಳ ಭದ್ರವಾಗಿದ್ದರೆ ಮೇಣ ಸುಲಭಕ್ಕೆ ಕೆಡುವುದಿಲ್ಲ. ಚಳಿಗೆ ಕಲ್ಲಾದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ. ಸ್ಪ್ರೇಯಲ್ಲಿ ಆಲ್ಕೋಹಾಲ್ ಆರಿ ದಪ್ಪವಾದರೆ ಅಷ್ಟು ಆಲ್ಕೋಹಾಲ್ ಸೇರಿಸಿದರಾಯಿತು. ಲ್ಯಾನೋಲಿನ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಅಂಥವರಿಗೆ ಕೈಗವಸು ಅಥವಾ ಹರಳೆಣ್ಣೆ. ನನ್ನ ಮೇಣದ ಡಬ್ಬಿಯ ನಡುವೆ ಈಗ ಬೆರಳಿನ ಅಗಲದ ಹೊಂಡ ಬಿದ್ದಿದೆ, ತಳ ಇನ್ನೂ ಕಂಡಿಲ್ಲ.